ತೊಂಬತ್ತನಾಲ್ಕರಲ್ಲಿ ಬ್ಯಾಟ್ ಹಿಡಿದ ಬಕ್ ಅಜ್ಜ

2006ನೇ ಇಸವಿ ಜುಲೈ 18. ಅಮೆರಿಕದ ಕಾನ್ಸಾಸ್ ಸಿಟಿಯ ಒಂದು ಬೇಸ್‌ಬಾಲ್ ಮೈದಾನ. ಆ ದಿನದ ಪಂದ್ಯದಲ್ಲಿ ಮೊಟ್ಟಮೊದಲು ಬ್ಯಾಟ್ ಮಾಡಲು ಬಂದ ಆಟಗಾರನನ್ನು ಕಂಡು ಜನರೆಲ್ಲ ಎದ್ದು ನಿಂತರು. ಬಂದವರು ಇಪ್ಪತ್ತರ ಹುಡುಗನಲ್ಲ, ಮೂವತ್ತರ ಯುವಕನೂ ಅಲ್ಲ. ಅವರಿಗೆ 94 ವರ್ಷ! ಪಂದ್ಯದಲ್ಲಿ ಆಡಲು ನಿಯಮ ಅಡ್ಡ ಬರಬಾರದೆಂದು, ಊರಿನ ತಂಡದ ಜೊತೆ ಒಪ್ಪಂದಕ್ಕೆ ಸಹಿ ಹಾಕಿಯೇ ಅವರು ಮೈದಾನಕ್ಕೆ ಇಳಿದಿದ್ದರು.

ಚೆಂಡೆಸೆಯುವ ಆಟಗಾರ ಬೇಕೆಂದೇ ದೂರ ದೂರಕ್ಕೆ ಎಸೆದ. ಕ್ರಿಕೆಟ್‌ನಲ್ಲಿ ವೈಡ್ ಬಾಲ್ ಇದ್ದಂತೆ ಬೇಸ್‌ಬಾಲ್‌ನಲ್ಲೂ ಒಂದು ನಿಯಮವಿದೆ. ಅಂತಹ ನಾಲ್ಕು ಎಸೆತ ಬಿದ್ದರೆ ಬ್ಯಾಟುಗಾರ ಹೊಡೆಯದೆಯೇ ಮೊದಲ ಬೇಸ್‌ಗೆ ನಡೆದುಹೋಗಬಹುದು. ಅಜ್ಜ ನಡೆದುಹೋದರು. ಬದಲಿ ಓಟಗಾರ ಬಂದ, ಇವರು ಹೊರಗೆ ಬಂದರು. ಅಷ್ಟಕ್ಕೇ ಮುಗಿಯಲಿಲ್ಲ. ಎದುರು ತಂಡದ ಸರದಿ ಬಂದಾಗ, ‘ಈಗ ಇವರನ್ನು ಆ ತಂಡಕ್ಕೆ ವರ್ಗಾಯಿಸಲಾಗಿದೆ’ ಎಂದು ತಮಾಷೆಯ ಘೋಷಣೆಯಾಯಿತು. ಅಜ್ಜ ಮತ್ತೆ ಬ್ಯಾಟ್ ಹಿಡಿದು ಬಂದರು! ಒಂದೇ ಪಂದ್ಯದಲ್ಲಿ ಎರಡೂ ತಂಡದ ಪರವಾಗಿ ಆಡಿದ ಆ ಅಜ್ಜನ ಹೆಸರು ಬಕ್ ಓನೀಲ್.

ಇದು ಒಂದು ದಿನದ ಮೋಜಿನ ಪ್ರಸಂಗ. ಆದರೆ ಮಕ್ಕಳೇ, ಇದಕ್ಕಿಂತ ದೊಡ್ಡ ಆಟವೊಂದನ್ನು ಈ ಅಜ್ಜ ಎಂಬತ್ತು ದಾಟಿದ ಮೇಲೆ ಆಡಿದರು. ಅದಕ್ಕೆ ಬ್ಯಾಟೂ ಬೇಕಿರಲಿಲ್ಲ, ಚೆಂಡೂ ಬೇಕಿರಲಿಲ್ಲ. ಬೇಕಾಗಿದ್ದದ್ದು ನೆನಪು ಮಾತ್ರ.

ಸೆಲರಿ ಹೊಲದ ಹುಡುಗ

ಬಕ್ ಹುಟ್ಟಿದ್ದು 1911ರ ನವೆಂಬರ್ 13ರಂದು, ಫ್ಲಾರಿಡಾ ರಾಜ್ಯದ ಕ್ಯಾರಬೆಲ್ ಎಂಬ ಊರಲ್ಲಿ. ಬೆಳೆದದ್ದು ಅದೇ ರಾಜ್ಯದ ಸಾರಸೋಟಾದಲ್ಲಿ. ಅವರ ಅಜ್ಜ ಗುಲಾಮರಾಗಿದ್ದವರು. ಗುಲಾಮಗಿರಿ ಕಾನೂನಿನಲ್ಲಿ ಹೋಗಿತ್ತು, ಆದರೆ ಕರಿಯರಿಗೆ ಬೇರೆ ಶಾಲೆ, ಬೇರೆ ಹೋಟೆಲು, ಬೇರೆ ಸೀಟು ಎಂಬ ಕಟ್ಟಳೆ ಇನ್ನೂ ಗಟ್ಟಿಯಾಗಿತ್ತು.

ಹುಡುಗನಾಗಿದ್ದಾಗ ಬಕ್ ಸೆಲರಿ ಎಂಬ ಸೊಪ್ಪು ಬೆಳೆಯುವ ಹೊಲದಲ್ಲಿ ಪೆಟ್ಟಿಗೆ ಹೊರುವ ಕೆಲಸ ಮಾಡುತ್ತಿದ್ದರು. ಫ್ಲಾರಿಡಾದ ಬಿಸಿಲೆಂದರೆ ಬೆವರಿಳಿಸುವ ಬಿಸಿಲು. ಒಂದು ದಿನ ಸುಸ್ತಾಗಿ ಕೂತ ಹುಡುಗ, ಇದಕ್ಕಿಂತ ಒಳ್ಳೆಯದು ಏನೋ ಒಂದು ಇರಲೇಬೇಕು ಎಂದು ತನ್ನಷ್ಟಕ್ಕೇ ಗೊಣಗಿಕೊಂಡ. ಅದು ಅಲ್ಲೇ ಇದ್ದ ಅಪ್ಪನ ಕಿವಿಗೆ ಬಿತ್ತು. ಅಪ್ಪ ಬೈಯಲಿಲ್ಲ. ಇದೆ, ಆದರೆ ಅದು ಇಲ್ಲಿ ಸಿಗದು, ಹುಡುಕಿಕೊಂಡು ಹೊರಗೆ ಹೋಗಬೇಕು ಎಂಬ ಅರ್ಥದ ಮಾತು ಹೇಳಿದರು. ಆ ಮಾತನ್ನು ಬಕ್ ಕೊನೆಯವರೆಗೂ ನೆನೆಯುತ್ತಿದ್ದರು.

ಸಾರಸೋಟಾದ ಹೈಸ್ಕೂಲು ಬಿಳಿಯ ಮಕ್ಕಳಿಗೆ ಮಾತ್ರ. ಬಕ್ ಊರು ಬಿಟ್ಟು ಜಾಕ್ಸನ್‌ವಿಲ್‌ನ ಎಡ್ವರ್ಡ್ ವಾಟರ್ಸ್ ಕಾಲೇಜಿಗೆ ಹೋದರು. ಹೈಸ್ಕೂಲು ಓದನ್ನು ಅಲ್ಲಿಯೇ ಮುಗಿಸಿ, ಮೇಲೆ ಎರಡು ವರ್ಷ ಕಾಲೇಜು ಕಲಿತರು. ಜೊತೆಗೆ ಬೇಸ್‌ಬಾಲ್ ಆಡಿದರು. ಅದೇ ಅವರಿಗೆ ದಾರಿಯಾಯಿತು.

ಬೇಸ್‌ಬಾಲ್ ಎಂದರೇನು?

ಕ್ರಿಕೆಟ್ ಗೊತ್ತಿದ್ದವರಿಗೆ ಬೇಸ್‌ಬಾಲ್ ಕಷ್ಟವಲ್ಲ. ತಂಡಕ್ಕೆ 9 ಜನ. ಚೆಂಡೆಸೆಯುವವನು ಪಿಚರ್. ಚೆಂಡು ನೆಲಕ್ಕೆ ಪುಟಿಯದೆ ನೇರವಾಗಿ ಬರುತ್ತದೆ. ಬ್ಯಾಟು ಒನಕೆಯಂತೆ ದುಂಡಗೆ. ಮೈದಾನದಲ್ಲಿ ಚೌಕವನ್ನು ಓರೆಯಾಗಿಟ್ಟಂತೆ ನಾಲ್ಕು ಮೂಲೆ, ಒಂದರಿಂದ ಇನ್ನೊಂದಕ್ಕೆ 90 ಅಡಿ. ಈ ಮೂಲೆಗಳೇ ಬೇಸ್. ಹೊಡೆದವನು ಮೂರು ಬೇಸ್ ಮುಟ್ಟಿ, ಹೊರಟ ಮೂಲೆಗೇ ವಾಪಸು ಬಂದರೆ ಒಂದು ರನ್. ಚೆಂಡು ಬೇಲಿ ದಾಟಿ ಹಾರಿದರೆ ‘ಹೋಂ ರನ್’. ಅದು ನಮ್ಮ ಸಿಕ್ಸರ್‌ನ ಅಣ್ಣ ಎನ್ನಬಹುದು. ಬಕ್ ಆಡುತ್ತಿದ್ದದ್ದು ಮೊದಲ ಬೇಸ್‌ನ ಕಾವಲುಗಾರನಾಗಿ. ಓಡಿ ಬರುವ ಎದುರಾಳಿಗಿಂತ ಮೊದಲೇ ಚೆಂಡನ್ನು ಹಿಡಿದು ಬೇಸ್ ತುಳಿಯುವುದು ಅವರ ಕೆಲಸ.

ಬೇಲಿಯ ಆಚೆಗಿನ ಆಟ

ಅಂದು ಅಮೆರಿಕದ ದೊಡ್ಡ ಲೀಗ್‌ಗಳು ಕರಿಯ ಆಟಗಾರರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಸೇರಿಸಿಕೊಳ್ಳದಿದ್ದರೇನಂತೆ, ನಮ್ಮದೇ ಲೀಗ್ ಕಟ್ಟೋಣ ಎಂದು 1920ರಲ್ಲಿ ರೂಬ್ ಫಾಸ್ಟರ್ ಎಂಬ ಆಟಗಾರ ಮತ್ತು ಅವರ ಸಂಗಡಿಗರು ಕಾನ್ಸಾಸ್ ಸಿಟಿಯಲ್ಲಿ ಸಭೆ ಸೇರಿ ಒಂದು ಲೀಗ್ ಹುಟ್ಟುಹಾಕಿದರು. ಮುಂದೆ ಇಂತಹ ಹಲವು ಲೀಗ್‌ಗಳು ಬಂದವು. ಅವಕ್ಕೆ ‘ನೀಗ್ರೋ ಲೀಗ್’ ಎಂಬ ಹೆಸರಾಯಿತು. ‘ನೀಗ್ರೋ’ ಎಂಬ ಪದವನ್ನು ಇಂದು ಯಾರನ್ನೂ ಕರೆಯಲು ಬಳಸಬಾರದು, ಅದು ನೋವುಂಟುಮಾಡುವ ಪದ. ಇತಿಹಾಸದ ಹೆಸರೆಂದು ಮಾತ್ರ ಅದು ಉಳಿದುಕೊಂಡಿದೆ.

ಬಕ್ 1938ರಲ್ಲಿ ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡ ಸೇರಿದರು. ಹೆಸರಾಂತ ತಂಡ ಅದು. ದೊಡ್ಡ ಲೀಗ್‌ಗಳಲ್ಲಿ ರಾತ್ರಿ ಪಂದ್ಯ ಶುರುವಾದದ್ದು 1935ರಲ್ಲಿ. ಮೊನಾರ್ಕ್ಸ್ ತಂಡ ಅದಕ್ಕೂ ಐದು ವರ್ಷ ಮೊದಲೇ ದೀಪದ ಕಂಬಗಳನ್ನು ಲಾರಿಗಳಲ್ಲಿ ಹೇರಿಕೊಂಡು ಊರೂರಿಗೆ ಹೋಗಿ ರಾತ್ರಿ ಆಡುತ್ತಿತ್ತು! ಆಟ ಮುಗಿದ ಮೇಲೆ ಮಾತ್ರ ಪಾಡು ಬೇರೆ. ಎಷ್ಟೋ ಊರುಗಳಲ್ಲಿ ಇವರಿಗೆ ಊಟ ಕೊಡುವ ಹೋಟೆಲಿಲ್ಲ, ಮಲಗಲು ಕೋಣೆಯಿಲ್ಲ.

ಆ ದಿನಗಳ ಒಂದು ಸಂಗತಿಯನ್ನು ಬಕ್ ಮತ್ತೆ ಮತ್ತೆ ಹೇಳುತ್ತಿದ್ದರು. ಅವರ ತಂಡದ ಸ್ಯಾಚೆಲ್ ಪೇಜ್ ಅಂದಿನ ಮಹಾ ಪಿಚರ್. ಸದಾ ನಗಿಸುವ ಮನುಷ್ಯ. ಒಮ್ಮೆ ಚಾರ್ಲ್ಸ್‌ಟನ್ ನಗರಕ್ಕೆ ಹೋದಾಗ ಪೇಜ್ ಇವರನ್ನು ಕರೆದುಕೊಂಡು ಒಂದು ಜಾಗಕ್ಕೆ ಹೋದರು. ಹಿಂದೆ ಹಡಗುಗಳಲ್ಲಿ ತಂದ ಗುಲಾಮರನ್ನು ಹರಾಜು ಹಾಕುತ್ತಿದ್ದ ಜಾಗ ಅದು. ಇಬ್ಬರೂ ಹತ್ತು ನಿಮಿಷ ಒಂದು ಮಾತೂ ಆಡದೆ ನಿಂತರು. ಕೊನೆಗೆ ಪೇಜ್, ನಾನು ಹಿಂದೆ ಎಂದೋ ಇಲ್ಲಿಗೆ ಬಂದಿದ್ದೆ ಅನ್ನಿಸುತ್ತದೆ ಎಂದರಂತೆ. ನನಗೂ ಹಾಗೇ ಅನ್ನಿಸುತ್ತದೆ ಎಂದರಂತೆ ಬಕ್. ನಗಿಸುವ ಗೆಳೆಯನ ಒಳಗೆ ಇನ್ನೊಬ್ಬ ಮನುಷ್ಯನಿದ್ದಾನೆ ಎಂಬುದು ಅಂದು ತಿಳಿಯಿತು ಎಂದು ಅವರು ಹೇಳುತ್ತಿದ್ದರು.

ತಡವಾಗಿ ತೆರೆದ ಬಾಗಿಲು

1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಜರ್ಸ್ ತಂಡದ ಪರ ಆಡಿ, ದೊಡ್ಡ ಲೀಗ್‌ನ ಬಣ್ಣದ ಬೇಲಿಯನ್ನು ಮುರಿದರು. ರಾಬಿನ್ಸನ್ ಕೂಡ 1945ರಲ್ಲಿ ಮೊನಾರ್ಕ್ಸ್ ತಂಡದಲ್ಲಿ ಆಡಿದವರೇ. ಆದರೆ ಬಾಗಿಲು ತೆರೆದಾಗ ಬಕ್‌ಗೆ 35 ದಾಟಿತ್ತು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ಸೇವೆ ಮುಗಿಸಿ ಬಂದಿದ್ದರು. ದೊಡ್ಡ ಲೀಗ್‌ನಲ್ಲಿ ಒಂದೇ ಒಂದು ಪಂದ್ಯ ಆಡುವ ಭಾಗ್ಯವೂ ಅವರಿಗೆ ಸಿಗಲಿಲ್ಲ.

ಅವರು 1948ರಿಂದ ಮೊನಾರ್ಕ್ಸ್ ತಂಡದ ಮ್ಯಾನೇಜರ್ ಆಗಿ ಕಿರಿಯರನ್ನು ತಿದ್ದಿದರು. ಮುಂದೆ ಷಿಕಾಗೊ ಕಬ್ಸ್ ತಂಡದ ದೊಡ್ಡ ತಾರೆಯಾದ ಎರ್ನಿ ಬ್ಯಾಂಕ್ಸ್ ಇವರ ಕೈಕೆಳಗೆ ಆಡಿದ ಹುಡುಗ. ಆಮೇಲೆ ಬಕ್ ತಾವೂ ಕಬ್ಸ್ ತಂಡದ ಸ್ಕೌಟ್ ಆದರು. ಸ್ಕೌಟ್ ಎಂದರೆ ಊರೂರು ಅಲೆದು, ಶಾಲೆ ಕಾಲೇಜುಗಳ ಮೈದಾನದ ಅಂಚಿನಲ್ಲಿ ಕೂತು, ಒಳ್ಳೆಯ ಹುಡುಗರನ್ನು ಹುಡುಕುವವರು. ಲೌ ಬ್ರಾಕ್ ಎಂಬ ಮಿಂಚಿನ ಓಟಗಾರನನ್ನು ಹುಡುಕಿ ತಂದವರು ಇವರೇ. 1962ರಲ್ಲಿ ಕಬ್ಸ್ ಇವರನ್ನು ಕೋಚ್ ಮಾಡಿತು. ದೊಡ್ಡ ಲೀಗ್‌ನಲ್ಲಿ ಆ ಹುದ್ದೆಗೇರಿದ ಮೊದಲ ಕರಿಯ ವ್ಯಕ್ತಿ ಬಕ್. ತಾವು ಹೋಗಲಾಗದ ಬಾಗಿಲಿನ ಬಳಿ ನಿಂತು, ಬೇರೆಯವರ ಮಕ್ಕಳನ್ನು ಒಂದೊಂದಾಗಿ ಒಳಗೆ ಕಳಿಸಿದರು.

ಆ ಸದ್ದು

ಸ್ಕೌಟ್ ಕೆಲಸದಲ್ಲಿ ಕಣ್ಣಿನಷ್ಟೇ ಕಿವಿಯೂ ಮುಖ್ಯ ಎನ್ನಲು ಅವರ ಬಳಿ ಒಂದು ಕಥೆಯಿತ್ತು. ಹುಡುಗನಾಗಿದ್ದಾಗ ಫ್ಲಾರಿಡಾದಲ್ಲಿ ಅಭ್ಯಾಸದ ಮೈದಾನದ ಬೇಲಿಯ ಹೊರಗೆ ನಿಂತು ಅವರು ಒಂದು ಸದ್ದು ಕೇಳಿದರಂತೆ. ಬ್ಯಾಟಿಗೆ ಚೆಂಡು ತಾಗಿದ ಸದ್ದು, ಆದರೆ ಯಾವತ್ತಿನ ಸದ್ದಲ್ಲ. ಎಲ್ಲೋ ಸಿಡಿಮದ್ದು ಸಿಡಿದಂತೆ. ಇಣುಕಿ ನೋಡಿದರೆ ಹೊಡೆದವರು ಬೇಬ್ ರೂತ್.

ವರ್ಷಗಳು ಕಳೆದವು. 1938ರಲ್ಲಿ ಆಟಗಾರರ ಕೋಣೆಯಲ್ಲಿದ್ದಾಗ ಅದೇ ಸದ್ದು! ಓಡಿ ಹೊರಗೆ ಬಂದರೆ, ಕರಿಯರ ಲೀಗ್‌ನ ಮಹಾ ಹೊಡೆತಗಾರ ಜೋಶ್ ಗಿಬ್ಸನ್. ಆಮೇಲೆ ಸುಮಾರು ಐವತ್ತು ವರ್ಷ ಆ ಸದ್ದು ಕೇಳಲೇ ಇಲ್ಲ. ಎಪ್ಪತ್ತು ದಾಟಿದ ಮೇಲೆ ಒಂದು ದಿನ ಕಾನ್ಸಾಸ್ ಸಿಟಿಯ ಕ್ರೀಡಾಂಗಣದಲ್ಲಿ ಮತ್ತೆ ಕೇಳಿತು. ಈ ಬಾರಿ ಬೋ ಜಾಕ್ಸನ್ ಎಂಬ ಹುಡುಗ.

ಒಬ್ಬರು ಬಿಳಿಯರು, ಇಬ್ಬರು ಕರಿಯರು. ಬ್ಯಾಟಿಗೆ ಅದು ಗೊತ್ತಿರಲಿಲ್ಲ, ಸದ್ದು ಒಂದೇ. ನಾಲ್ಕನೇ ಬಾರಿ ಆ ಸದ್ದು ಕೇಳುವ ಆಸೆಯಿಂದಲೇ ತಾನು ಈಗಲೂ ಮೈದಾನಕ್ಕೆ ಹೋಗುತ್ತೇನೆ ಎನ್ನುತ್ತಿದ್ದರು ಬಕ್. 1988ರಲ್ಲಿ, ಬಹುತೇಕರು ಆರಾಮ ಕುರ್ಚಿ ಹಿಡಿಯುವ ವಯಸ್ಸಿನಲ್ಲಿ, ಅವರು ಕಾನ್ಸಾಸ್ ಸಿಟಿ ರಾಯಲ್ಸ್ ತಂಡಕ್ಕೆ ಸ್ಕೌಟ್ ಆಗಿ ಸೇರಿದರು.

ಎಂಬತ್ತೆರಡರಲ್ಲಿ ಹೊಸ ಕೆಲಸ

ಕರಿಯರ ಲೀಗ್‌ಗಳು ಆ ಹೊತ್ತಿಗೆ ಮುಚ್ಚಿ ದಶಕಗಳಾಗಿದ್ದವು. ಒಳ್ಳೆಯ ಆಟಗಾರರು ದೊಡ್ಡ ಲೀಗ್‌ಗೆ ಹೋದ ಮೇಲೆ ಅವು ಬಡವಾಗಿ ನಿಂತುಹೋದವು. ಆಡಿದವರು ಒಬ್ಬೊಬ್ಬರಾಗಿ ಕಣ್ಣು ಮುಚ್ಚುತ್ತಿದ್ದರು. ಎಷ್ಟೋ ಪಂದ್ಯಗಳ ಲೆಕ್ಕ ಬರೆದಿಟ್ಟವರಿಲ್ಲ. ಬೇಬ್ ರೂತ್ ಹೆಸರು ಎಲ್ಲ ಮಕ್ಕಳ ಬಾಯಲ್ಲೂ ಇತ್ತು. ಜೋಶ್ ಗಿಬ್ಸನ್ ಯಾರೆಂದು ಕೇಳಿದರೆ ಹೇಳುವವರು ಕಡಿಮೆಯಾಗಿದ್ದರು. ಗಿಬ್ಸನ್ ತೀರಿಕೊಂಡದ್ದು 1947ರ ಜನವರಿಯಲ್ಲಿ, ಕೇವಲ 35ನೇ ವಯಸ್ಸಿಗೆ. ರಾಬಿನ್ಸನ್ ಬೇಲಿ ಮುರಿದದ್ದನ್ನು ನೋಡಲೂ ಅವರು ಉಳಿದಿರಲಿಲ್ಲ.

1990ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಬಕ್ ಮತ್ತು ಕೆಲವರು ಸೇರಿ ನೀಗ್ರೋ ಲೀಗ್ ಬೇಸ್‌ಬಾಲ್ ಮ್ಯೂಸಿಯಂ ಆರಂಭಿಸಿದರು. ಆಗ ಅದು ಒಂದು ಸಣ್ಣ ಕೋಣೆ ಅಷ್ಟೇ. ತಿಂಗಳ ಬಾಡಿಗೆಯನ್ನು ಸರದಿಯ ಮೇಲೆ ತಮ್ಮ ಜೇಬಿನಿಂದ ಕಟ್ಟುತ್ತಿದ್ದರು.

1994ರಲ್ಲಿ ಕೆನ್ ಬರ್ನ್ಸ್ ಎಂಬ ನಿರ್ದೇಶಕರು ಬೇಸ್‌ಬಾಲ್ ಬಗ್ಗೆ ಮಾಡಿದ, 18 ಗಂಟೆಗೂ ಉದ್ದದ ಸಾಕ್ಷ್ಯಚಿತ್ರ ಟಿ.ವಿ.ಯಲ್ಲಿ ಬಂತು. ಅದರಲ್ಲಿ 82 ವರ್ಷದ ಬಕ್ ಕೂತು ಕಥೆ ಹೇಳಿದರು. ಪೇಜ್ ಕಥೆ, ಗಿಬ್ಸನ್ ಕಥೆ, ಬಸ್ಸಿನ ಕಥೆ, ಆ ಸದ್ದಿನ ಕಥೆ. ನಮ್ಮ ಮನೆಯ ಜಗುಲಿಯಲ್ಲಿ ಅಜ್ಜ ಹೇಳಿದ ಹಾಗೆ, ಕಣ್ಣರಳಿಸಿ, ನಕ್ಕು, ತುಸು ನಿಂತು. ಇಡೀ ಅಮೆರಿಕ ಕಿವಿಗೊಟ್ಟಿತು. ಆಡುವ ಕಾಲದಲ್ಲಿ ಬಾರದ ಹೆಸರು ಅವರಿಗೆ ಹೇಳುವ ಕಾಲದಲ್ಲಿ ಬಂತು.

ಬಕ್ ಆ ಹೆಸರನ್ನು ಇಟ್ಟುಕೊಂಡು ಸುಮ್ಮನೆ ಕೂರಲಿಲ್ಲ. ಶಾಲೆಗಳಿಗೆ ಹೋದರು, ಸಭೆಗಳಿಗೆ ಹೋದರು, ಮ್ಯೂಸಿಯಂಗೆ ಬಂದ ಅಪರಿಚಿತರನ್ನೂ ತಬ್ಬಿಕೊಂಡು ಮಾತಾಡಿಸಿದರು. 1997ರಲ್ಲಿ ಮ್ಯೂಸಿಯಂ ದೊಡ್ಡ ಕಟ್ಟಡಕ್ಕೆ ಬಂತು. ಅದರೊಳಗೆ ಒಂದು ಪುಟ್ಟ ಮೈದಾನವಿದೆ, ಅದರ ಮೇಲೆ ಮಹಾ ಆಟಗಾರರ ಕಂಚಿನ ಪ್ರತಿಮೆಗಳಿವೆ. ಒಳಗೆ ಬಂದವರಿಗೆ ಮೊದಲು ಅದು ತಂತಿ ಬಲೆಯ ಆಚೆ ಕಾಣುತ್ತದೆ, ಹೋಗಲು ಆಗುವುದಿಲ್ಲ. ಕಥೆಯನ್ನೆಲ್ಲ ನೋಡಿ ಮುಗಿಸಿದ ಮೇಲಷ್ಟೇ ಮೈದಾನಕ್ಕೆ ದಾರಿ. ಬೇಲಿಯ ಹೊರಗೆ ನಿಲ್ಲುವುದು ಹೇಗಿರುತ್ತದೆ ಎಂಬುದು ಮಕ್ಕಳಿಗೂ ಅರ್ಥವಾಗುತ್ತದೆ.

ಅದೇ ವರ್ಷ ಅವರ ಪತ್ನಿ ಓರಾ ಕ್ಯಾನ್ಸರ್‌ನಿಂದ ತೀರಿಕೊಂಡರು. ಓರಾ ಶಾಲಾ ಶಿಕ್ಷಕಿ. ಅವರದು ಐವತ್ತು ವರ್ಷಕ್ಕೂ ಮಿಕ್ಕಿದ ದಾಂಪತ್ಯ. ಮಕ್ಕಳಿರಲಿಲ್ಲ. ಎಂಬತ್ತೈದರ ವಯಸ್ಸಿನಲ್ಲಿ ಒಂಟಿಯಾದವರು ಬಾಗಿಲು ಹಾಕಿಕೊಂಡು ಕೂತರೆ ಯಾರೂ ತಪ್ಪು ಹೇಳುವಂತಿರಲಿಲ್ಲ. ಬಕ್ ಮತ್ತೆ ಊರೂರಿಗೆ ಹೊರಟರು. ಹೇಳಬೇಕಾದ ಕಥೆ ಇನ್ನೂ ಬಾಕಿ ಇತ್ತು.

ನೀವು ತುಂಬ ಬೇಗ ಹುಟ್ಟಿಬಿಟ್ಟಿರಿ ಎಂದು ಜನ ಮರುಗಿದರೆ ಅವರು ಒಪ್ಪುತ್ತಿರಲಿಲ್ಲ. 1996ರಲ್ಲಿ ಬಂದ ಅವರ ಆತ್ಮಕಥೆಯ ಹೆಸರಿನ ಅರ್ಥವೇ ‘ನಾನು ಸರಿಯಾದ ಸಮಯಕ್ಕೇ ಬಂದೆ’ ಎಂದು. ಇನ್ನೂ ಒಂದು ಸಂಗತಿ: ಅಂದು ಒಳಗೆ ಬಿಡದ ಸಾರಸೋಟಾ ಹೈಸ್ಕೂಲು 1995ರಲ್ಲಿ ಅವರನ್ನು ಕರೆದು ಗೌರವ ಪ್ರಮಾಣಪತ್ರ ಕೊಟ್ಟಿತು. ಎಂಬತ್ಮೂರರ ಅಜ್ಜ ಹೈಸ್ಕೂಲು ಪಾಸಾದರು!

ಒಂದು ಮತ

ಬೇಸ್‌ಬಾಲ್‌ನಲ್ಲಿ ಅತಿ ದೊಡ್ಡ ಗೌರವವೆಂದರೆ ಕೂಪರ್ಸ್‌ಟೌನ್ ಎಂಬ ಊರಿನಲ್ಲಿರುವ ‘ಹಾಲ್ ಆಫ್ ಫೇಮ್’ಗೆ ಆಯ್ಕೆಯಾಗುವುದು. 2006ರ ಫೆಬ್ರವರಿಯಲ್ಲಿ, ಕರಿಯರ ಲೀಗ್‌ಗಳಿಗೆ ಸೇರಿದ ಹಿರಿಯರನ್ನು ಆರಿಸಲು 12 ಜನರ ವಿಶೇಷ ಸಮಿತಿ ಕೂತಿತು. ಬಕ್ ಆಯ್ಕೆ ಖಂಡಿತ ಎಂದು ಎಲ್ಲರೂ ತಿಳಿದಿದ್ದರು. ಮ್ಯೂಸಿಯಂನಲ್ಲಿ ಸಂಭ್ರಮಕ್ಕೆಂದು ಜನ ಸೇರಿದ್ದರು.

ಸುದ್ದಿ ಬಂತು. ಹದಿನೇಳು ಜನ ಆಯ್ಕೆಯಾಗಿದ್ದರು. ಬಕ್ ಹೆಸರಿರಲಿಲ್ಲ. ಒಂದೇ ಒಂದು ಮತ ಕಡಿಮೆಯಾಯಿತು ಎಂದು ಪತ್ರಿಕೆಗಳು ಬರೆದವು.

ಸೇರಿದ್ದವರ ಕಣ್ಣಲ್ಲಿ ನೀರು. ಆದರೆ ಬಕ್ ಕೇಳಿದ್ದು ಬೇರೆ. ಆಯ್ಕೆಯಾದ ಹದಿನೇಳು ಜನರಲ್ಲಿ ಯಾರೂ ಬದುಕಿರಲಿಲ್ಲ. ಹಾಗಾದರೆ ಅವರ ಪರವಾಗಿ ಮಾತಾಡುವವರು ಯಾರು ಎಂಬುದು ಅವರ ಚಿಂತೆ. ಕೊನೆಗೆ ಆ ಕೆಲಸಕ್ಕೆ ಅವರೇ ನಿಂತರು. ತಮ್ಮನ್ನು ಒಳಗೆ ಬಿಡದ ಮನೆಯ ಅಂಗಳಕ್ಕೆ ಹೋಗಿ, ಒಳಗೆ ಹೋದವರನ್ನು ಹೊಗಳಲು!

ಜುಲೈ 30ರಂದು ಕೂಪರ್ಸ್‌ಟೌನ್‌ನ ವೇದಿಕೆಯಲ್ಲಿ ಬಕ್ ನಗುನಗುತ್ತಾ ಮಾತಾಡಿದರು. ತಾಯಿಯನ್ನೂ ಹೆಂಡತಿಯನ್ನೂ ಕೊಂಡುಹೋದ ಕ್ಯಾನ್ಸರನ್ನು ನಾನು ದ್ವೇಷಿಸುತ್ತೇನೆ, ಆದರೆ ಮನುಷ್ಯರನ್ನು ದ್ವೇಷಿಸಲು ನನ್ನಿಂದಾಗದು ಎಂಬ ಅರ್ಥದ ಮಾತು ಹೇಳಿದರು. ಆಮೇಲೆ ವೇದಿಕೆಯ ಮೇಲಿದ್ದ ಮಹಾ ಆಟಗಾರರಿಗೂ ಎದುರಿಗಿದ್ದ ಸಾವಿರಾರು ಜನರಿಗೂ ಒಬ್ಬರ ಕೈ ಒಬ್ಬರು ಹಿಡಿದುಕೊಳ್ಳಲು ಹೇಳಿ, ಪ್ರೀತಿಯ ಬಗೆಗಿನ ಒಂದು ಸಾಲನ್ನು ತಮ್ಮ ಜೊತೆ ಹಾಡಿಸಿದರು. ಎಲ್ಲರೂ ಹಾಡಿದರು.

ಅದು ಅವರ ಕೊನೆಯ ದೊಡ್ಡ ಸಭೆ. ಅಕ್ಟೋಬರ್ 6ರಂದು ಬಕ್ ತೀರಿಕೊಂಡರು. 95 ತುಂಬಲು ಒಂದು ತಿಂಗಳು ಚಿಲ್ಲರೆ ದಿನ ಬಾಕಿ ಇತ್ತು. ಅದೇ ಡಿಸೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರು ನಾಗರಿಕರಿಗೆ ಕೊಡುವ ಅತ್ಯುನ್ನತ ಪದಕ ಅವರ ಹೆಸರಿಗೆ ಸಂದಿತು. 2021ರ ಡಿಸೆಂಬರ್‌ನಲ್ಲಿ ಇನ್ನೊಂದು ಸಮಿತಿ ಅವರನ್ನು ಹಾಲ್ ಆಫ್ ಫೇಮ್‌ಗೆ ಆರಿಸಿತು. 2022ರ ಜುಲೈ 24ರಂದು ಅದೇ ಕೂಪರ್ಸ್‌ಟೌನ್‌ನಲ್ಲಿ ಬಕ್ ಹೆಸರನ್ನು ಕೂಗಿದಾಗ ಮಾತಾಡಲು ಅವರಿರಲಿಲ್ಲ. ಹದಿನೇಳು ಜನರಿಗಾಗಿ ಅವರು ಮಾತಾಡಿದ್ದರು. ಈಗ ಅವರಿಗಾಗಿ ಅವರ ಮನೆತನದ ಹೆಣ್ಣುಮಗಳೊಬ್ಬರು ಮಾತಾಡಿದರು.

2024ರಲ್ಲಿ ಕರಿಯರ ಲೀಗ್‌ಗಳ ರನ್ನು, ಹೊಡೆತಗಳನ್ನು ದೊಡ್ಡ ಲೀಗ್‌ನ ದಾಖಲೆಯಲ್ಲಿ ಸೇರಿಸಲಾಯಿತು. ಇಡೀ ಬೇಸ್‌ಬಾಲ್ ಇತಿಹಾಸದಲ್ಲಿ ಅತಿ ಹೆಚ್ಚು ಬ್ಯಾಟಿಂಗ್ ಸರಾಸರಿ ಯಾರದು ಎಂದರೆ ಈಗ ಮೊದಲ ಹೆಸರು ಜೋಶ್ ಗಿಬ್ಸನ್. ಬಕ್ ಅಜ್ಜ ಕಿವಿಯಿಂದ ಕೇಳಿ ಹೇಳಿದ್ದು ಸುಳ್ಳಾಗಿರಲಿಲ್ಲ.

ಕೆಂಪು ಕುರ್ಚಿ

ಕಾನ್ಸಾಸ್ ಸಿಟಿ ರಾಯಲ್ಸ್ ತಂಡದ ಕ್ರೀಡಾಂಗಣದಲ್ಲಿ ಬಕ್ ಯಾವಾಗಲೂ ಬ್ಯಾಟುಗಾರನ ಹಿಂಭಾಗದ ಸಾಲಿನಲ್ಲಿ ಕೂರುತ್ತಿದ್ದರು. ಅಲ್ಲಿ ಕುರ್ಚಿಗಳೆಲ್ಲ ನೀಲಿ, ಒಂದು ಮಾತ್ರ ಕೆಂಪು. ಅವರು ಹೋದ ಮರುವರ್ಷದಿಂದ ಆ ಜಾಗಕ್ಕೆ ಟಿಕೆಟ್ ಮಾರುವುದಿಲ್ಲ. ಊರಿಗೆ ಒಳ್ಳೆಯದು ಮಾಡಿದ ಯಾರಾದರೊಬ್ಬ ಸಾಮಾನ್ಯ ವ್ಯಕ್ತಿಯನ್ನು ಪಂದ್ಯಕ್ಕೆ ಕರೆದು ಅಲ್ಲಿ ಕೂರಿಸುತ್ತಾರೆ.

ಅಜ್ಜ ಅಜ್ಜಿಯರೇ, ‘ನಮ್ಮ ಕಾಲ ಮುಗಿಯಿತು, ನಮ್ಮ ಮಾತು ಯಾರಿಗೆ ಬೇಕು’ ಎಂದು ನಿಮಗೂ ಕೆಲವೊಮ್ಮೆ ಅನ್ನಿಸುತ್ತಿರಬಹುದು. ಬಕ್ ಅವರ ಬದುಕಿನ ಅತಿ ದೊಡ್ಡ ಕೆಲಸ ಶುರುವಾದದ್ದು ಎಂಬತ್ತರ ಆಸುಪಾಸಿನಲ್ಲಿ. ಅದಕ್ಕೆ ಬೇಕಾದ ಬಂಡವಾಳ ಅವರು ನೋಡಿದ್ದು, ಕೇಳಿದ್ದು, ಅನುಭವಿಸಿದ್ದು. ಅದು ನಿಮ್ಮಲ್ಲೂ ಇದೆ. ಅನ್ಯಾಯವನ್ನು ಮುಚ್ಚಿಡದೆ, ಮನಸ್ಸನ್ನು ಕಹಿ ಮಾಡಿಕೊಳ್ಳದೆ ಹೇಳುವುದಷ್ಟೇ ಕಷ್ಟ. ಅವರು ಅದನ್ನು ಮಾಡಿ ತೋರಿಸಿದರು.

ಮಕ್ಕಳೇ, ಈ ವಾರ ಹೀಗೆ ಮಾಡಿ

* ಅಜ್ಜ ಅಥವಾ ಅಜ್ಜಿಯ ಪಕ್ಕ ಕೂತು, ನಿಮ್ಮ ವಯಸ್ಸಿನಲ್ಲಿ ಅವರು ಯಾವ ಆಟ ಆಡುತ್ತಿದ್ದರು ಎಂದು ಕೇಳಿ. ಲಗೋರಿಯೋ, ಚಿನ್ನಿದಾಂಡೋ, ಕುಂಟೆಬಿಲ್ಲೆಯೋ? ನಿಯಮ ಕೇಳಿಕೊಂಡು ಒಮ್ಮೆ ಅವರ ಎದುರೇ ಆಡಿ ನೋಡಿ.
* ಅವರ ಜೊತೆ ಆಡಿದವರಲ್ಲಿ ತುಂಬ ಚೆನ್ನಾಗಿ ಆಡುತ್ತಿದ್ದವರು ಯಾರು? ಆ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಅದನ್ನು ಬೇರೆ ಯಾರೂ ಬರೆದಿರಲಾರರು.
* ಅವರು ಇಂದಿಗೂ ಮರೆಯದ ಒಂದು ಸದ್ದು ಯಾವುದು ಎಂದು ಕೇಳಿ. ಉತ್ತರ ಬರುವವರೆಗೆ ಕಾಯಿರಿ, ನಡುವೆ ಮಾತಾಡಬೇಡಿ.